ಜರ್ಮನಿಯನ್ನು ಒಂದುಗೂಡಿಸಿದ್ದು ಯಾವುದು?

ಪ್ರತಿವರ್ಷ ಅಕ್ಟೋಬರ ತಿಂಗಳ ೩ನೆಯ ತಾರೀಖು ಜರ್ಮನಿಯ ರಾಷ್ಟ್ರೀಯ ಹಬ್ಬ. ೧೯೪೯ರಿಂದ ಎರಡು ರಾಜ್ಯಗಳಾಗಿ ಒಡೆದು ನಿಂತಿದ್ದ ಆ ದೇಶವು ೧೯೯೦ನೆಯ ಇಸವಿಯಲ್ಲಿ ಅದೇ ದಿನ ಮರಳಿ ಒಂದಾಯಿತು. ಈ ಹಬ್ಬವನ್ನು ಅವರು ಆಚರಿಸುವ ಬಗೆಯಲ್ಲಿ ನಮ್ಮ ವಾಚಕರು ಲಕ್ಷ್ಯವಿಟ್ಟು ನೋಡತಕ್ಕ ಸಂಗತಿಯೊಂದಿದೆ. ಮುಖ್ಯ ಸಮಾರಂಭವು ವರ್ಷವರ್ಷವೂ ರಾಜಧಾನಿಯಾದ ಬರ್ಲಿನ್ನಿನಲ್ಲಿಯೇ ನಡೆಯುವದಿಲ್ಲ. ಪ್ರಾಂತಗಳ ಪ್ರತಿನಿಧಿಸಭೆಯಾದ ಬುಂಡೆಸ್‌ರಾಟಿನ ಅಧ್ಯಕ್ಷತೆಯು ಸರತಿಯಂತೆ ಯಾವ ಪ್ರಾಂತಕ್ಕೆ ಬಂದಿರುವದೋ ಆ ಪ್ರಾಂತವೇ ಹಬ್ಬದ ಯಜಮಾನಿಕೆಯನ್ನು ವಹಿಸುವದು. ೨೦೧೬ರಲ್ಲಿ ಸ್ಯಾಕ್ಸನಿಯ ಡ್ರೆಸ್ಡೆನ್, ೨೦೧೭ರಲ್ಲಿ ರೈನ್ ನದಿಯ ದಂಡೆಯ ಮೈನ್ಸ್, ೨೦೧೯ರಲ್ಲಿ ಬಾಲ್ಟಿಕ್ ಕಡಲ ತಡಿಯ ಕೀಲ್, ಹೀಗೆ ಏಕತೆಯ ಹಬ್ಬವು ಊರಿಂದೂರಿಗೆ ಸಾಗುತ್ತ ನಡೆದಿದೆ. ಇದು ಬರಿಯ ಉಪಚಾರದ ಮಾತಲ್ಲ. ಒಂದಾಗುವದೆಂದರೇನೆಂಬದನ್ನು ಬಹು ದುಬಾರಿಯ ಬೆಲೆ ತೆತ್ತು ಕಲಿತ ಜನಾಂಗವೊಂದರ ವಿವೇಕವು ಈ ಪದ್ಧತಿಯಲ್ಲಿ ಅಡಗಿದೆ.

ಜರ್ಮನಿಯ ಏಕೀಕರಣವೆಂದೊಡನೆ ನಮ್ಮವರಿಗೆ ಬಿಸ್ಮಾರ್ಕನ ಹೆಸರು ನೆನಪಾಗುವದು. ಆ ಮಂತ್ರಿಯ ಉಕ್ಕಿನ ಕೈಯೇ ಚೂರುಚೂರಾದ ನಾಡನ್ನು ಬೆಸೆಯಿತೆಂದು ಶಾಲೆಯ ಪುಸ್ತಕಗಳಿಂದ ನಾವು ಕಲಿತಿರುವೆವು. ಈ ಅಭಿಪ್ರಾಯದಲ್ಲಿ ಅರ್ಧ ಮಾತ್ರ ಸತ್ಯವಿದೆ. ಉಳಿದರ್ಧವನ್ನು ತಿಳಿಯದೆ ಹೋದರೆ ಜರ್ಮನಿಯ ಚರಿತ್ರೆಯಿಂದ ನಾವು ತಪ್ಪು ಪಾಠವನ್ನೇ ಕಲಿಯುವೆವು.

ಮೊದಲು ಆ ಭೂಮಿಯನ್ನೇ ನೋಡೋಣ. ಜರ್ಮನಿಯ ವಿಸ್ತಾರವು ಸುಮಾರು ೩,೫೭,೦೦೦ ಚದರ ಕಿಲೋಮೀಟರು, ಅಂದರೆ ನಮ್ಮ ಕರ್ನಾಟಕದ ಇಮ್ಮಡಿಗೆ ತುಸು ಕಡಿಮೆ. ಜನಸಂಖ್ಯೆಯು ಎಂಟು ಕೋಟಿಗೂ ಮಿಗಿಲು. ಉತ್ತರಕ್ಕೆ ಎರಡು ಕಡಲುಗಳ ಅಂಚಿನ ಬಯಲು ಸೀಮೆ, ನಡುವೆ ಕಾಡುಗುಡ್ಡಗಳ ನಾಡು, ತೆಂಕಣ ತುದಿಯಲ್ಲಿ ೨,೯೬೨ ಮೀಟರು ಎತ್ತರದ ತ್ಸುಗ್‌ಶ್ಪಿಟ್ಸ ಶಿಖರವನ್ನು ಹೊತ್ತ ಆಲ್ಪ್ಸ್ ಪರ್ವತಗಳು. ಪೂರ್ವಕ್ಕಾಗಲಿ ಪಶ್ಚಿಮಕ್ಕಾಗಲಿ ದಾಟಲಾರದ ಗಡಿಯಿಲ್ಲ. ಸುತ್ತಲೂ ಒಂಬತ್ತು ನೆರೆ ರಾಜ್ಯಗಳು. ನದಿಗಳಾದರೂ ಒಂದೇ ದಿಕ್ಕಿಗೆ ಹರಿಯವು. ರೈನ್, ವೇಸರ್, ಎಲ್ಬ ನದಿಗಳು ಉತ್ತರ ಸಮುದ್ರವನ್ನು ಸೇರಿದರೆ, ಪೋಲಂಡಿನ ಗಡಿಯಲ್ಲಿ ಹರಿಯುವ ಓಡರ್ ಬಾಲ್ಟಿಕ್ಕಿಗೆ ಹೋಗುವದು. ತೆಂಕಣದ ಕರಿಯ ಅಡವಿಯಲ್ಲಿ ಹುಟ್ಟಿದ ಡ್ಯಾನ್ಯೂಬ್ ಇವೆಲ್ಲಕ್ಕೂ ಬೆನ್ನು ತಿರುಗಿಸಿ ಮೂಡಲಿಗೆ ನಡೆದು ದೂರದ ಕಪ್ಪು ಸಮುದ್ರದಲ್ಲಿ ಲೀನವಾಗುವದು. ಫ್ರಾನ್ಸಿಗೆ ಪ್ಯಾರಿಸ್ ಇದ್ದಂತೆ ಈ ನಾಡಿಗೆ ಸಹಜವಾದ ಒಂದು ನಡುಮನೆ ಎಂದೂ ಇರಲಿಲ್ಲ. ಕಡಲ ವ್ಯಾಪಾರದ ಹ್ಯಾಂಬರ್ಗಿಗೂ ಬೆಟ್ಟದ ತಪ್ಪಲಿನ ಮ್ಯೂನಿಕ್ಕಿಗೂ ಬೇರೆ ಬೇರೆ ಬಾಗಿಲು, ಬೇರೆ ಬೇರೆ ಬಾಳು.

ಚರಿತ್ರೆಯೂ ಭೂಗೋಲದ ಹಾದಿಯನ್ನೇ ಹಿಡಿಯಿತು. ೯೬೨ರಲ್ಲಿ ಒಂದನೆಯ ಆಟೋ ದೊರೆಯು ರೋಮಿನಲ್ಲಿ ಚಕ್ರವರ್ತಿಯ ಕಿರೀಟ ಧರಿಸಿದನು. ಅಲ್ಲಿಂದ ನಡೆದುಬಂದ ಸಾಮ್ರಾಜ್ಯವು ೧೮೦೬ರವರೆಗೆ ಹೆಸರಿಗೆ ಉಳಿದಿದ್ದರೂ, ಅದರ ಹೊಟ್ಟೆಯಲ್ಲಿ ಅರಸರೂ, ಬಿಷಪ್ಪರೂ, ಸ್ವತಂತ್ರ ಪಟ್ಟಣಗಳೂ ಆಳುವ ಮುನ್ನೂರಕ್ಕೂ ಮಿಕ್ಕ ಸಂಸ್ಥಾನಗಳಿದ್ದವು. ೧೬ನೆಯ ಶತಕದಲ್ಲಿ ಮಾರ್ಟಿನ್ ಲೂಥರನ ಧರ್ಮಕ್ರಾಂತಿಯು ಜನರನ್ನು ಎರಡು ಮತಗಳಾಗಿ ಸೀಳಿತು. ೧೬೧೮ರಿಂದ ೧೬೪೮ರ ವರೆಗಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಊರೂರೇ ಬರಿದಾದವು. ಆದರೆ ವಿಧಿಯ ವಿಲಾಸವನ್ನು ನೋಡಬೇಕು! ಮತದಲ್ಲಿ ನಾಡನ್ನು ಒಡೆದ ಅದೇ ಲೂಥರನು ಮಾತಿನಲ್ಲಿ ನಾಡನ್ನು ಕೂಡಿಸಿದನು. ೧೫೨೨ರಲ್ಲಿ ಹೊಸ ಒಡಂಬಡಿಕೆಯನ್ನೂ ೧೫೩೪ರಲ್ಲಿ ಸಮಗ್ರ ಬೈಬಲನ್ನೂ ಆತನು ಜರ್ಮನ್ ಭಾಷೆಗೆ ತಂದನು. ಸ್ಯಾಕ್ಸನಿಯ ದರಬಾರಿನ ಕಾಗದಪತ್ರಗಳ ಭಾಷೆಗೆ ಸಂತೆಯ ಜನರ, ಮನೆಯ ತಾಯಂದಿರ ನುಡಿಯ ಕಸುವನ್ನು ಬೆರೆಸಿದನು. ಆಡುವ ಮಾತು ಹರದಾರಿಗೊಂದು ಬಗೆಯಾಗಿದ್ದರೂ ಬರೆಯುವ, ಓದುವ ಭಾಷೆಯು ಮೆಲ್ಲಮೆಲ್ಲನೆ ಒಂದಾಯಿತು. ಜರ್ಮನಿಯೆಂಬ ರಾಜ್ಯವು ಹುಟ್ಟುವ ಮುನ್ನ ಮೂರು ಶತಕಗಳಿಗೂ ಹೆಚ್ಚು ಕಾಲ ಜರ್ಮನಿಯೆಂಬದು ಒಂದು ಪುಸ್ತಕದ ಭಾಷೆಯಾಗಿ ಬದುಕಿತ್ತು.

ಇನ್ನು ಹೊಟ್ಟೆಪಾಡಿನ ಮಾತು. ನೆಪೋಲಿಯನ್ನನ ಪತನದ ತರುವಾಯ ೧೮೧೫ರಲ್ಲಿ ೩೯ ಸಂಸ್ಥಾನಗಳ ಸಡಿಲಾದ ಕೂಟವೊಂದು ಏರ್ಪಟ್ಟಿತು. ಆದರೆ ಪ್ರತಿಯೊಂದು ಸಂಸ್ಥಾನಕ್ಕೂ ತನ್ನದೇ ಜಕಾತಿ ಕಟ್ಟೆ, ತನ್ನದೇ ನಾಣ್ಯ, ತನ್ನದೇ ತೂಕ. ವ್ಯಾಪಾರಸ್ಥರ ಪರವಾಗಿ ಫ್ರೆಡರಿಕ್ ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞನು ೧೮೧೯ರಲ್ಲಿ ಬರೆದ ಮನವಿಯೊಂದಿದೆ. ಹ್ಯಾಂಬರ್ಗಿನಿಂದ ಆಸ್ಟ್ರಿಯಾಕ್ಕೆ ಸರಕು ಸಾಗಿಸುವವನು ಹತ್ತು ರಾಜ್ಯಗಳನ್ನು ಹಾಯಬೇಕು, ಹತ್ತು ಜಕಾತಿ ಕಾಯಿದೆಗಳನ್ನು ಓದಬೇಕು, ಹತ್ತು ಸಲ ಸುಂಕ ತೆರಬೇಕು ಎಂದು ಆತನು ಅದರಲ್ಲಿ ಗೋಳಿಟ್ಟನು. ಅಧಿಕಾರಸ್ಥರಿಗೆ ಅವನ ಮಾತು ಸೇರಲಿಲ್ಲ. ಸೆರೆಮನೆ ಕಂಡನು, ೧೮೨೫ರಲ್ಲಿ ಅಮೇರಿಕೆಗೆ ಹೋಗಬೇಕಾಯಿತು. ಆದರೆ ಕಾಲವು ಅವನ ಪಕ್ಷವನ್ನು ವಹಿಸಿತ್ತು. ೧೮೩೪ನೆಯ ಇಸವಿ ಜಾನೇವಾರಿ ೧ರಂದು ಪ್ರಶಿಯಾದ ಮುಂದಾಳುತನದಲ್ಲಿ ೧೮ ಸಂಸ್ಥಾನಗಳ ಜಕಾತಿ ಒಕ್ಕೂಟವು ಅಸ್ತಿತ್ವಕ್ಕೆ ಬಂದಿತು. ಸುಮಾರು ಎರಡು ಕೋಟಿ ಮೂವತ್ತು ಲಕ್ಷ ಜನರ ನಡುವಣ ಸುಂಕದ ಬೇಲಿಗಳು ಆ ದಿನ ಕಳಚಿಬಿದ್ದವು. ಹಿಂದಿನ ರಾತ್ರಿಯೇ ಸಾಲುಸಾಲಾಗಿ ನಿಂತಿದ್ದ ಸರಕಿನ ಬಂಡಿಗಳು ನಡುರಾತ್ರಿಯ ಗಂಟೆ ಬಾರಿಸಿದೊಡನೆ ಜಯಘೋಷದೊಂದಿಗೆ ಗಡಿ ದಾಟಿದವೆಂದು ಇತಿಹಾಸಕಾರರು ವರ್ಣಿಸಿದ್ದಾರೆ.

ಮರುವರ್ಷ, ೧೮೩೫ರ ಡಿಸೆಂಬರದಲ್ಲಿ, ನ್ಯೂರೆಂಬರ್ಗದಿಂದ ಫ್ಯೂರ್ತ್ ಊರಿಗೆ ಆರು ಕಿಲೋಮೀಟರಿನ ಮೊದಲ ಉಗಿಬಂಡಿಯ ಹಾದಿ ತೆರೆಯಿತು. ೧೮೩೮ರಲ್ಲಿ ಡ್ರೆಸ್ಡೆನ್ನಿನಲ್ಲಿ ಉತ್ತರದ ಟಾಲರಿಗೂ ದಕ್ಷಿಣದ ಗುಲ್ಡನ್ನಿಗೂ ನಿಶ್ಚಿತವಾದ ಬೆಲೆ ಕಟ್ಟಲಾಯಿತು. ಒಂದು ಮಾತನ್ನು ನಾವು ಇಲ್ಲಿ ಒತ್ತಿ ಹೇಳಬಯಸುವೆವು. ೧೮೬೬ರಲ್ಲಿ ಪ್ರಶಿಯಾಕ್ಕೂ ಆಸ್ಟ್ರಿಯಾಕ್ಕೂ ಯುದ್ಧ ಹೂಡಿದಾಗ ಬವೇರಿಯಾ, ಸ್ಯಾಕ್ಸನಿ ಮೊದಲಾದ ಒಕ್ಕೂಟದ ಸದಸ್ಯ ರಾಜ್ಯಗಳು ಪ್ರಶಿಯಾದ ಎದುರಾಳಿಗಳಾಗಿ ಕಾದಿದವು. ಆದರೂ ಜಕಾತಿ ಒಕ್ಕೂಟವು ಮುರಿದುಬೀಳಲಿಲ್ಲ. ತೋಪುಗಳು ಗುಡುಗುತ್ತಿರುವಾಗಲೂ ಬಿಡಿಸಲಾರದಂಥ ಹೆಣಿಗೆಯನ್ನು ಮೂವತ್ತೆರಡು ವರ್ಷಗಳ ಕೊಳುಕೊಡೆಯು ಹೆಣೆದಿತ್ತು.

ಈ ನಡುವೆ ಪ್ರಜೆಗಳ ಪ್ರಯತ್ನವೂ ನಡೆಯಿತು. ೧೮೪೮ರ ಮೇ ೧೮ರಂದು ಫ್ರಾಂಕ್‌ಫರ್ಟಿನ ಸಂತ ಪೌಲನ ಇಗರ್ಜಿಯಲ್ಲಿ ಸಮಸ್ತ ಜರ್ಮನರ ಚುನಾಯಿತ ಸಭೆಯು ಮೊದಲ ಬಾರಿಗೆ ಸೇರಿತು. ಅದರಲ್ಲಿ ವಕೀಲರು, ನ್ಯಾಯಾಧೀಶರು, ಪ್ರಾಧ್ಯಾಪಕರೇ ಹೆಚ್ಚಾಗಿದ್ದುದರಿಂದ ಬಾಯಿಬಡುಕರ ಸಭೆಯೆಂದು ಗೇಲಿ ಮಾಡಿದವರುಂಟು. ಮಾರನೆಯ ವರ್ಷ ಆ ಸಭೆಯು ರಾಜ್ಯಘಟನೆಯನ್ನು ರಚಿಸಿ ಪ್ರಶಿಯಾದ ದೊರೆಗೆ ಕಿರೀಟವನ್ನು ನೀಡಹೋದಾಗ ಅವನು ಅದನ್ನು ನಿರಾಕರಿಸಿದನು. ಪ್ರಜೆಗಳ ಕೈಯಿಂದ ಬಂದ ಕಿರೀಟವು ಅರಸನಿಗೆ ರುಚಿಸಲಿಲ್ಲ. ಸಭೆ ಚದರಿತು, ಸೈನ್ಯವು ಚಳುವಳಿಯನ್ನು ತುಳಿಯಿತು. ಆದರೆ ಅವರು ಬರೆದಿಟ್ಟ ಮೂಲಭೂತ ಹಕ್ಕುಗಳ ಪಟ್ಟಿಯು ಸಾಯಲಿಲ್ಲ. ೧೯೧೯ರ ಮತ್ತು ೧೯೪೯ರ ರಾಜ್ಯಘಟನೆಗಳಲ್ಲಿ ಅದು ಮತ್ತೆ ಚಿಗುರಿತು. ಅವರು ಹಿಡಿದ ಕಪ್ಪು, ಕೆಂಪು, ಚಿನ್ನದ ಬಣ್ಣಗಳ ಬಾವುಟವೇ ಇಂದಿನ ಜರ್ಮನಿಯ ಬಾವುಟ. ಬಿಸ್ಮಾರ್ಕನ ಸಾಮ್ರಾಜ್ಯದ ಬಾವುಟವಾದರೋ ವಸ್ತುಸಂಗ್ರಹಾಲಯವನ್ನು ಸೇರಿದೆ.

ಭಾಷೆ, ಬಜಾರು, ರೈಲು, ಪ್ರಜೆಗಳ ಆಕಾಂಕ್ಷೆ ಇವೆಲ್ಲ ಮಾಗಿದ ಮೇಲೆ ಬಿಸ್ಮಾರ್ಕನು ಬಂದನು. ೧೮೬೪, ೧೮೬೬, ೧೮೭೦ರ ಮೂರು ಯುದ್ಧಗಳನ್ನು ಹೂಡಿ, ೧೮೭೧ರ ಜಾನೇವಾರಿ ೧೮ರಂದು ಸೋತ ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿಯೇ ಜರ್ಮನ್ ಸಾಮ್ರಾಜ್ಯವನ್ನು ಸಾರಿಸಿದನು. ಈ ಚತುರನು ಕೂಡ ಕೇವಲ ಕತ್ತಿಯನ್ನು ನಂಬಲಿಲ್ಲ. ೨೫ ರಾಜ್ಯಗಳ ಆ ಸಂಘದಲ್ಲಿ ಬವೇರಿಯಾಕ್ಕೆ ತನ್ನ ಅಂಚೆ, ತನ್ನ ರೈಲು, ಶಾಂತಿಕಾಲದಲ್ಲಿ ತನ್ನ ಸೈನ್ಯ ಇವನ್ನು ಬಿಟ್ಟುಕೊಟ್ಟನು. ಕಟ್ಟಡದಲ್ಲಿ ಯಾವ ಭಾಗವು ಒಪ್ಪಿಗೆಯಿಂದ ಕಟ್ಟಲ್ಪಟ್ಟಿತೋ ಅದು ಉಳಿಯಿತು. ಯಾವುದು ಬಲಾತ್ಕಾರದಿಂದಾಯಿತೋ ಅಲ್ಲಿಯೇ ಬಿರುಕು ಬಿಟ್ಟಿತು. ಆಲ್ಸೇಸ್-ಲೊರೇನ್ ಸೀಮೆಯ ಜನರನ್ನು ಒಂದು ಮಾತೂ ಕೇಳದೆ ಸೇರಿಸಿಕೊಂಡರು. ೧೯೧೯ರ ಒಪ್ಪಂದದಲ್ಲಿ ಅದು ಕೈಬಿಟ್ಟುಹೋಯಿತು. ಮೂಡಣದಲ್ಲಿ ಪೋಲಿಶ್ ಜನರ ಶಾಲೆಗಳಿಂದ ಅವರ ತಾಯ್ನುಡಿಯನ್ನು ಹೊರದೂಡಿದರು. ೧೯೦೧ರಲ್ಲಿ ವ್ರೆಶೆನ್ ಎಂಬ ಊರಿನಲ್ಲಿ ಧರ್ಮಪಾಠವನ್ನು ಜರ್ಮನ್ ಭಾಷೆಯಲ್ಲಿ ಒಪ್ಪಿಸಲೊಲ್ಲದ ಚಿಕ್ಕ ಮಕ್ಕಳಿಗೆ ಬೆತ್ತದ ಏಟು ಬಿದ್ದಿತು. ತನ್ನ ನುಡಿಗಾಗಿ ಶತಮಾನಗಳ ತಪಸ್ಸು ಮಾಡಿದ ಜನಾಂಗವು ಇನ್ನೊಬ್ಬರ ನುಡಿಯ ಮೇಲೆ ಬೆತ್ತ ಎತ್ತಿದುದು ಎಂಥ ವಿಪರ್ಯಾಸ!

ಈ ರೋಗವು ಪೂರ್ಣ ಬಲಿತದ್ದು ೧೯೩೩ರಲ್ಲಿ. ಹಿಟ್ಲರನು ಅಧಿಕಾರಕ್ಕೆ ಬಂದು ಒಂದು ವರ್ಷ ತುಂಬಿದ ದಿನವೇ, ಅಂದರೆ ೧೯೩೪ರ ಜಾನೇವಾರಿ ೩೦ರಂದು, ಕಾಯಿದೆಯೊಂದರಿಂದ ಎಲ್ಲ ಪ್ರಾಂತಗಳ ಶಾಸನಸಭೆಗಳನ್ನು ಅಳಿಸಿಹಾಕಲಾಯಿತು. ಒಂದು ಜನ, ಒಂದು ರಾಜ್ಯ, ಒಬ್ಬ ನಾಯಕ ಎಂಬ ಕೂಗಿನಲ್ಲಿ ಬವೇರಿಯಾ, ಸ್ಯಾಕ್ಸನಿಗಳ ಸ್ವರವಡಗಿತು. ಪೂರ್ವದ ಲೌಸಿಟ್ಸ್ ಸೀಮೆಯಲ್ಲಿ ಸಾವಿರ ವರ್ಷಗಳಿಂದ ಬಾಳುತ್ತಿದ್ದ ಸೋರ್ಬ್ ಎಂಬ ಸಣ್ಣ ಜನಾಂಗದ ಸಂಘವನ್ನು ೧೯೩೭ರಲ್ಲಿ ನಿಷೇಧಿಸಿದರು. ೧೯೩೩ರ ಮೇ ೧೦ರ ರಾತ್ರಿ ಬರ್ಲಿನ್ನಿನ ಚೌಕದಲ್ಲಿ ಪುಸ್ತಕಗಳನ್ನು ಸುಟ್ಟಾಗ ಆ ಉರಿಯಲ್ಲಿ ಜರ್ಮನ್ ನುಡಿಯ ಮಹಾಕವಿಗಳಲ್ಲೊಬ್ಬನಾದ ಹೈನೆಯ ಗ್ರಂಥಗಳೂ ಇದ್ದವು. ಅವನು ಹುಟ್ಟಿನಿಂದ ಯಹೂದಿ ಎಂಬುದೇ ಅವನ ಅಪರಾಧ. ಭಾಷೆಯ ಪ್ರೀತಿಯು ರಕ್ತದ ಹೆಮ್ಮೆಯಾಗಿ ಮಾರ್ಪಟ್ಟಿತ್ತು. ಅಂಥ ಭಾಷಾಭಿಮಾನಕ್ಕೆ ಭಾಷೆಯೇ ಬೇಡವಾಗುವದೆಂಬದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಜರ್ಮನ್ ಮಾತನಾಡುವವರೆಲ್ಲ ನಮ್ಮವರೆಂಬ ನೆವ ಹೇಳಿ ೧೯೩೮ರಲ್ಲಿ ಆಸ್ಟ್ರಿಯಾವನ್ನೂ ಚೆಕ್ ದೇಶದ ಗಡಿ ಸೀಮೆಯನ್ನೂ ಕಬಳಿಸಿದರು. ಕೊನೆಗೆ ಆರವತ್ತು ಲಕ್ಷ ಯಹೂದಿಗಳ ಕೊಲೆ, ಲೋಕವನ್ನೇ ಸುಟ್ಟ ಯುದ್ಧ, ೧೯೪೫ರ ಸರ್ವನಾಶ. ಅತ್ಯಂತ ಬಿಗಿಯಾಗಿ ಒಂದುಗೂಡಿಸುವೆನೆಂದು ಹೊರಟವನ ಕೈಯಲ್ಲಿಯೇ ಜರ್ಮನಿಯು ಎರಡು ಹೋಳಾಯಿತು.

ಹೋಳಾದ ಕಾಲದಲ್ಲಿ ನಡೆದ ಒಂದು ಕೆಲಸವನ್ನು ನಮ್ಮ ವಾಚಕರು ಅರಿಯಬೇಕು. ಮಕ್ಕಳ ಕಥೆಗಳಿಂದ ಲೋಕಪ್ರಸಿದ್ಧರಾದ ಗ್ರಿಮ್ ಸೋದರರು ೧೮೩೮ರಲ್ಲಿ ಜರ್ಮನ್ ಭಾಷೆಯ ಮಹಾಕೋಶವೊಂದಕ್ಕೆ ಕೈಹಚ್ಚಿದರು. ಮೊದಲ ಸಂಪುಟವು ೧೮೫೪ರಲ್ಲಿ ಹೊರಬಿದ್ದಿತು. ಹಿರಿಯನಾದ ಯಾಕೋಬ್ ಗ್ರಿಮ್‌ನು ೧೮೬೩ರಲ್ಲಿ ತೀರಿಕೊಂಡಾಗ ಕೋಶವು ಹಣ್ಣು ಎಂಬರ್ಥದ ‘ಫ್ರುಖ್ಟ್’ ಶಬ್ದದ ವರೆಗೆ ಬಂದು ನಿಂತಿತ್ತು. ಅರಸರು ಹೋದರು, ಸಾಮ್ರಾಜ್ಯ ಬಿದ್ದಿತು, ಎರಡು ಮಹಾಯುದ್ಧಗಳು ಮುಗಿದವು. ತಲೆಮಾರಿನಿಂದ ತಲೆಮಾರಿಗೆ ವಿದ್ವಾಂಸರು ಆ ಕಾರ್ಯವನ್ನು ಬಿಡಲಿಲ್ಲ. ದೇಶವು ಒಡೆದ ಮೇಲೆಯೂ ಪೂರ್ವ ಬರ್ಲಿನ್ನಿನವರೂ ಪಶ್ಚಿಮದ ಗ್ಯೋಟಿಂಗೆನ್ನಿನವರೂ ಕೂಡಿಯೇ ದುಡಿದು ೧೯೬೧ರಲ್ಲಿ ೩೨ ಸಂಪುಟಗಳ ಕೋಶವನ್ನು ಪೂರ್ತಿಗೊಳಿಸಿದರು. ಅದೇ ೧೯೬೧ರ ಆಗಸ್ಟ ೧೩ರಂದು ಬರ್ಲಿನ್ನಿನ ನಡುವೆ ಗೋಡೆಯೇಳತೊಡಗಿತು. ಗೋಡೆಯು ಇಪ್ಪತ್ತೆಂಟು ವರ್ಷ ನಿಂತು ೧೯೮೯ರ ನವ್ಹೆಂಬರ ೯ರ ರಾತ್ರಿ ತೆರೆಯಿತು. ಕೋಶವು ಇಂದಿಗೂ ನಿಂತಿದೆ.

೧೯೯೦ರಲ್ಲಿಯೂ ಹಳೆಯ ಕ್ರಮವೇ ಮರುಕಳಿಸಿತು. ಜುಲೈ ೧ರಂದು ಎರಡು ಜರ್ಮನಿಗಳಿಗೂ ಒಂದೇ ನಾಣ್ಯ. ಅಕ್ಟೋಬರ ೩ರಂದು ಒಂದೇ ರಾಜ್ಯ. ಆದರೆ ೧೮೩೪ಕ್ಕೂ ೧೮೭೧ಕ್ಕೂ ನಡುವೆ ಮೂವತ್ತೇಳು ವರ್ಷಗಳಿದ್ದವು. ಈ ಸಲ ಮೂರು ತಿಂಗಳು. ಅವಸರದ ಫಲವನ್ನು ಪೂರ್ವದ ಜನರು ಉಂಡರು. ಹಳೆಯ ಸರಕಾರಿ ಕಾರಖಾನೆಗಳು ಒಂದರ ಹಿಂದೊಂದು ಮುಚ್ಚಿದವು, ಲಕ್ಷಾಂತರ ಜನ ಕೆಲಸ ಕಳೆದುಕೊಂಡರು, ತರುಣರು ಪಶ್ಚಿಮಕ್ಕೆ ಗುಳೆ ಹೋದರು. ಮೂವತ್ತು ವರ್ಷ ಕಳೆದ ಮೇಲೆಯೂ ಪೂರ್ವದ ಸರಾಸರಿ ಸಂಬಳವು ಪಶ್ಚಿಮದ್ದಕ್ಕಿಂತ ಕಡಿಮೆಯೇ ಇದೆ. ಪೂರ್ವದ ಪ್ರಾಂತಗಳು ಪಶ್ಚಿಮದ ಘಟನೆಯ ೨೩ನೆಯ ಕಲಮಿನಂತೆ ಬಂದು ಸೇರಿಕೊಂಡವೇ ಹೊರತು, ಉಭಯತರೂ ಕೂಡಿ ಹೊಸ ಘಟನೆಯನ್ನು ರಚಿಸಿ ಜನರ ಮುಂದಿಡಲಿಲ್ಲ. ಅತಿಥಿಗಳಾಗಿ ಬಂದೆವೇ ಹೊರತು ಪಾಲುಗಾರರಾಗಲಿಲ್ಲವೆಂಬ ಕೊರಗು ಅಲ್ಲಿನವರಲ್ಲಿ ಉಳಿದಿದ್ದರೆ ಆಶ್ಚರ್ಯವಿಲ್ಲ. ಕಾಗದದ ಮೇಲೆ ಒಂದಾಗುವದು ಬೇರೆ, ಮನಸ್ಸಿನಲ್ಲಿ ಒಂದಾಗುವದು ಬೇರೆ.

ಹಾಗಿದ್ದರೂ ಆ ಸಂಘವು ಬಾಳುತ್ತಿದೆ. ಅದರ ಗುಟ್ಟು ಘಟನೆಯಲ್ಲಿಯೂ ಆಚಾರಗಳಲ್ಲಿಯೂ ಇದೆ. ದೇಶವು ಪ್ರಾಂತಗಳಾಗಿ ವಿಭಾಗವಾಗಿರುವ ತತ್ತ್ವವನ್ನು ಯಾವ ತಿದ್ದುಪಡಿಯಿಂದಲೂ ತೆಗೆದುಹಾಕಕೂಡದೆಂದು ೧೯೪೯ರ ಘಟನೆಯ ೭೯ನೆಯ ಕಲಮು ವಿಧಿಸಿದೆ. ೧೬ ಪ್ರಾಂತಗಳಿಗೂ ಶಾಲೆಗಳ ಅಧಿಕಾರವು ತಮ್ಮ ತಮ್ಮ ಕೈಯಲ್ಲಿಯೇ. ಸರ್ವೋಚ್ಚವಾದ ಘಟನಾ ನ್ಯಾಯಾಲಯವು ಕಾರ್ಲ್ಸ್‌ರೂಹೆಯಲ್ಲಿ, ಆಡಳಿತ ನ್ಯಾಯಾಲಯವು ಲೈಪ್ಸಿಗ್ಗಿನಲ್ಲಿ, ಕಾರ್ಮಿಕ ನ್ಯಾಯಾಲಯವು ಎರ್ಫುರ್ಟಿನಲ್ಲಿ, ಮಧ್ಯವರ್ತಿ ಬ್ಯಾಂಕು ಫ್ರಾಂಕ್‌ಫರ್ಟಿನಲ್ಲಿ. ರಾಜಧಾನಿಯೊಂದೇ ಉಬ್ಬಿ ಉಳಿದ ಊರುಗಳು ಸೊರಗದಂತೆ ಅವರು ನೋಡಿಕೊಂಡಿದ್ದಾರೆ.

ಆಚಾರಗಳಲ್ಲಿಯೂ ಹಾಗೆಯೇ. ಉತ್ತರದ ಮತ್ತು ಪೂರ್ವದ ಪ್ರಾಂತಗಳಿಗೆ ಲೂಥರನ ಸ್ಮರಣೆಯ ಅಕ್ಟೋಬರ ೩೧ ಬಿಡುವಿನ ದಿನವಾದರೆ, ಬವೇರಿಯಾ ಮೊದಲಾದವುಗಳಿಗೆ ಸಂತರ ಸ್ಮರಣೆಯ ನವ್ಹೆಂಬರ ೧. ರೈನ್ ದಂಡೆಯ ಕೊಲೋನಿನಲ್ಲಿ ವೇಷಗಾರರ ಕಾರ್ನಿವಾಲ್ ಗದ್ದಲ. ಮ್ಯೂನಿಕ್ಕಿಗೆ ೧೮೧೦ರ ರಾಜಕುಮಾರನ ಮದುವೆಯಿಂದ ಆರಂಭವಾದ ಅಕ್ಟೋಬರ ಜಾತ್ರೆ. ಮೊದಲ ದಿನ ಶಾಲೆಗೆ ಹೋಗುವ ಮಗುವಿನ ಕೈಗೆ ಮಿಠಾಯಿ ತುಂಬಿದ ಕಾಗದದ ದೊಡ್ಡ ಕೊಳವಿಯನ್ನು ಕೊಡುವ ಚೆಲುವಾದ ವಾಡಿಕೆಯು ಸ್ಯಾಕ್ಸನಿ, ಥುರಿಂಜಿಯಾಗಳಲ್ಲಿ ಹುಟ್ಟಿ ದೇಶವೆಲ್ಲ ಹಬ್ಬಿತು. ಯಾವ ಸರಕಾರವೂ ಅದಕ್ಕೆ ಹುಕುಮು ಹೊರಡಿಸಲಿಲ್ಲ. ನಮ್ಮ ನೀನು, ನೀವುಗಳಂತೆ ಅವರಲ್ಲಿಯೂ ಆಪ್ತರಿಗೆ ‘ಡು’, ಗೌರವಕ್ಕೆ ‘ಸೀ’ ಎಂಬ ಭೇದವುಂಟು. ಇಷ್ಟಾಗಿ ಶನಿವಾರದ ಹೆಸರಿನಲ್ಲಿಯೂ ಅವರು ಒಮ್ಮತರಲ್ಲ! ದಕ್ಷಿಣದವರು ‘ಸಾಮ್ಸ್‌ಟಾಗ್’ ಎನ್ನುವದನ್ನು ಉತ್ತರದ, ಪೂರ್ವದ ಅನೇಕರು ಭಾನುವಾರದ ಮುನ್ಸಂಜೆ ಎಂಬರ್ಥದ ‘ಸೊನ್ನಾಬೆಂಟ್’ ಎನ್ನುವರು. ಇದರಿಂದ ಜರ್ಮನ್ ಭಾಷೆಗೆ ಯಾವ ಅಪಾಯವೂ ಒದಗಿಲ್ಲ. ಹಿಟ್ಲರನು ಅಡಗಿಸಹೊರಟ ಸೋರ್ಬರ ನುಡಿಯು ಇಂದು ಬೌಟ್ಸೆನ್ ಊರಿನ ಬೀದಿಗಳ ಫಲಕಗಳಲ್ಲಿ ಜರ್ಮನ್ನಿನ ಜೊತೆಗೆ ನಿಂತಿದೆ. ಒಂದು ಭಾಷೆಯ ನಾಡು ತನ್ನೊಳಗಿನ ಚಿಕ್ಕ ಭಾಷೆಯನ್ನು ಹೇಗೆ ಕಾಣುವದೆಂಬದೇ ಅದರ ಏಕತೆಗೆ ಒರೆಗಲ್ಲು.

ಈ ಜರ್ಮನಿಗೆ ನಾವು ಋಣಿಗಳೂ ಆಗಿದ್ದೇವೆ. ವ್ಯುರ್ಟೆಂಬರ್ಗ್ ಸೀಮೆಯ ಹರ್ಮನ್ ಮೋಗ್ಲಿಂಗರು ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೆಗಳಿಗೆ ನಾಂದಿ ಹಾಡಿದರು. ಉತ್ತರ ಸಮುದ್ರದ ಅಂಚಿನ ಪೂರ್ವ ಫ್ರೀಸಿಯಾದಲ್ಲಿ ೧೮೩೨ರಲ್ಲಿ ಹುಟ್ಟಿದ ಫರ್ಡಿನಂಡ್ ಕಿಟ್ಟೆಲರು ೧೮೫೩ರಲ್ಲಿ ಧಾರವಾಡಕ್ಕೆ ಬಂದು, ಬಾಳಿನ ಬಹುಭಾಗವನ್ನು ಸವೆಸಿ, ೧೮೯೪ರಲ್ಲಿ ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಕೋಶವನ್ನು ಕನ್ನಡಕ್ಕೆ ಕೊಟ್ಟರು. ಆಗ ಕನ್ನಡ ನಾಡು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಕೋಶಕ್ಕೆ ಆ ಗಡಿಗಳ ಗೊಡವೆಯಿರಲಿಲ್ಲ. ರಾಜ್ಯವು ಒಂದಾದದ್ದು ೧೯೫೬ರ ನವ್ಹೆಂಬರ ೧ರಂದು. ಶಬ್ದಗಳು ಅದಕ್ಕಿಂತ ಅರುವತ್ತೆರಡು ವರ್ಷ ಮೊದಲೇ ಒಂದೇ ಹೊದಿಕೆಯೊಳಗೆ ಕೂಡಿದ್ದವು.

ಆದುದರಿಂದ ಜರ್ಮನಿಯ ಚರಿತ್ರೆಯನ್ನೋದುವವರು ಬಿಸ್ಮಾರ್ಕನ ಪ್ರತಿಮೆಯೊಂದನ್ನೇ ನೋಡಿ ಹಿಂದಿರುಗಬಾರದು. ನಮ್ಮಲ್ಲಿಯೂ ಏಕೀಕರಣವು ೧೯೫೬ರಲ್ಲಿ ಮುಗಿದ ಕೆಲಸವೆಂದು ತಿಳಿಯುವವರಿದ್ದಾರೆ. ಕಲಬುರ್ಗಿಯ ರೈತನಿಗೂ, ಮಡಿಕೇರಿಯ ಕೊಡವನಿಗೂ, ಮಂಗಳೂರಿನ ತುಳುವನಿಗೂ ಈ ರಾಜ್ಯವು ತನ್ನದೆಂದು ಅನಿಸುವ ವರೆಗೆ ಅದು ಮುಗಿಯಲಾರದು. ನಮ್ಮ ಸೂಚನೆಯು ಸಣ್ಣದು, ಖರ್ಚಿಲ್ಲದ್ದು. ರಾಜ್ಯೋತ್ಸವದ ಮುಖ್ಯ ಸಮಾರಂಭವನ್ನು ಬೆಂಗಳೂರಿಗೇ ಕಟ್ಟಿಹಾಕದೆ, ಒಂದು ವರ್ಷ ಕಲಬುರ್ಗಿಗೆ, ಒಂದು ವರ್ಷ ಬೆಳಗಾವಿಗೆ, ಒಂದು ವರ್ಷ ಮಂಗಳೂರಿಗೆ, ಒಂದು ವರ್ಷ ಮಡಿಕೇರಿಗೆ ಸರತಿಯಂತೆ ಒಯ್ಯಬೇಕು. ಅಲ್ಲಿ ಕನ್ನಡದ ಜೊತೆಗೆ ಆಯಾ ಸೀಮೆಯ ತುಳು, ಕೊಡವ, ಕೊಂಕಣಿ, ಉರ್ದು ಹಾಡುಗಳೂ ವೇದಿಕೆಯನ್ನೇರಬೇಕು. ಸರಕಾರವು ಇದನ್ನು ಮುಂದಿನ ನವ್ಹೆಂಬರದಿಂದಲೇ ಆರಂಭಿಸಲಿ. ಸರಕಾರವು ತಡ ಮಾಡಿದರೆ, ಊರೂರ ಸಂಘಗಳಾದರೂ ತಮ್ಮ ಹಬ್ಬಕ್ಕೆ ದೂರದ ಜಿಲ್ಲೆಯೊಂದರ ಅತಿಥಿಗಳನ್ನು ಕರೆದು ಮೊದಲು ಮಾಡಲಿ.